ಗೊರಸಿನ ಬೇನೆ, ಹೊಟ್ಟೆಯ ಮದ್ದು

ವಿಜಯನಗರದಲ್ಲಿ ಸತ್ತ ಕುದುರೆಗೂ ಬೆಲೆಯಿತ್ತು. ಹೋರ್ಮುಜಿನಿಂದ ಬರುವ ಕುದುರೆಗಳನ್ನು ಸಾಳುವ ನರಸಿಂಹ ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದ. ನಡುದಾರಿಯಲ್ಲಿ, ಕಡಲ ಮೇಲೆ ಸತ್ತವುಗಳ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ್ದವುಗಳ ಲೆಕ್ಕದಲ್ಲೇ ಹಣ ಎಣಿಸುತ್ತಿದ್ದ. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ವ್ಯಾಪಾರಿ ಫರ್ನಾವೊ ನೂನಿಜ್. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂಬ ಅಂಕಿಯೂ ಅವನದೇ. ವ್ಯಾಪಾರಿ ಕೊಡುವ ಅಂಕಿಗೆ ಸ್ವಲ್ಪ ಉಪ್ಪು ಖಾರ ಸೇರಿರುತ್ತದೆ ಎಂದುಕೊಂಡರೂ, ಇಷ್ಟೊಂದು ಕುದುರೆ ಪ್ರತಿವರ್ಷ ಯಾಕೆ ಬೇಕಾಗುತ್ತಿದ್ದವು ಎಂಬ ಪ್ರಶ್ನೆ ಉಳಿಯುತ್ತದೆ.

ಯುದ್ಧ ಒಂದು ಕಾರಣ. ಇನ್ನೊಂದು ಕಾರಣವನ್ನು ಅದಕ್ಕೂ ಎರಡು ಶತಮಾನ ಹಿಂದೆಯೇ ಮಾರ್ಕೊ ಪೋಲೊ ಹೇಳಿದ್ದ. ತಮಿಳು ಕರಾವಳಿಯ ಮಅಬರ್ ಸೀಮೆಯ ದೊರೆ ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲವಂತೆ. ಅಲ್ಲಿಯವರಿಗೆ ಕುದುರೆ ಸಾಕಲು ಬಾರದು, ಲಾಳ ಕಟ್ಟಿ ಮದ್ದು ಮಾಡುವವರೂ ಇಲ್ಲ, ಮಾಂಸ ಬೆರೆಸಿದ ಅನ್ನ ತಿನ್ನಿಸುತ್ತಾರೆ ಎಂದು ಅವನ ದೂರು. ಕುದುರೆ ವ್ಯಾಪಾರಿಗಳು ಅಂಥ ಮದ್ದಿನವರನ್ನು ಜತೆಗೆ ಕರೆತರುತ್ತಿರಲಿಲ್ಲ, ಬೇರೆಯವರು ಹೋಗದಂತೆಯೂ ತಡೆಯುತ್ತಿದ್ದರು. ಸತ್ತಷ್ಟೂ ಲಾಭ!

ಅನ್ನದ ಮಾತನ್ನು ಹಗುರಾಗಿ ಬಿಡುವಂತಿಲ್ಲ. 1469ರ ಸುಮಾರಿಗೆ ಒಂದು ಗಂಡುಕುದುರೆಯನ್ನು ಮಾರಲೆಂದು ದಖನ್ನಿಗೆ ಬಂದ ರಷ್ಯದ ಅಫನಾಸಿ ನಿಕಿಟಿನ್, ಇಲ್ಲಿನ ಕುದುರೆಗಳಿಗೆ ಕಾಳು ಹಾಕುವುದನ್ನೂ, ಎಣ್ಣೆ ಸಕ್ಕರೆ ಬೆರೆಸಿ ಬೇಯಿಸಿದ ಕಿಚಡಿ ತಿನ್ನಿಸುವುದನ್ನೂ ಕಂಡ. ಕುದುರೆ ಈ ನಾಡಿನಲ್ಲಿ ಹುಟ್ಟುವ ಪ್ರಾಣಿಯಲ್ಲ ಎಂದೂ ಬರೆದ. ಅವನ ಕುದುರೆಯನ್ನು ಜುನ್ನಾರಿನ ಖಾನ ಕಿತ್ತುಕೊಂಡು, ಧರ್ಮ ಬದಲಿಸಿದರೆ ಮಾತ್ರ ಕೊಡುತ್ತೇನೆಂದು ಪೀಡಿಸಿದ್ದು ಬೇರೆಯೇ ಕಥೆ. ಕೊನೆಗೆ ಅದು ಮಾರಾಟವಾದದ್ದು ಬೀದರಿನಲ್ಲಿ.

ಹುಲ್ಲು ಮೇಯುವುದಕ್ಕೆಂದೇ ಆದ ಹೊಟ್ಟೆಗೆ ಹೀಗೆ ಹಿಟ್ಟು, ಸಕ್ಕರೆ ಒಮ್ಮೆಲೇ ಬಿದ್ದರೆ ಆಗುವುದೇನು? ಕರುಳಿನಲ್ಲಿ ಹುಳಿ ಹೆಚ್ಚುತ್ತದೆ. ಬೇನೆ ಕಾಣಿಸಿಕೊಳ್ಳುವುದು ಮಾತ್ರ ಕಾಲಿನಲ್ಲಿ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರಗಳು ಉರಿಗೊಂಡು ಸಡಿಲವಾಗುತ್ತವೆ. ಪಶುವೈದ್ಯರು ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಗೊರಸಿಗೆ ಅಂಗೈ ಇಟ್ಟರೆ ಬಿಸಿ ತಾಗುತ್ತದೆ. ತಿರುಗು ಎಂದರೆ ತಿರುಗದು. ಇದನ್ನು ನೋಡಿದವರು ಲಾಳ ಕಟ್ಟಿದವನನ್ನು ಬೈಯುವುದುಂಟು. ತಪ್ಪು ಇರುವುದು ಗೋದಲಿಯಲ್ಲಿ. ಪ್ರಾಚೀನ ಗ್ರೀಕರು ಈ ಬಗೆಯ ರೋಗಕ್ಕೆ ಬಾರ್ಲಿಯ ಹೆಸರನ್ನೇ ಇಟ್ಟಿದ್ದರು.

ಭಾರತದಲ್ಲಿ ಕುದುರೆ ವೈದ್ಯದ ಮೂಲಪುರುಷ ಶಾಲಿಹೋತ್ರನೆಂಬ ಋಷಿ. ವಿರಾಟನ ಲಾಯದಲ್ಲಿ ಗ್ರಂಥಿಕನೆಂದು ಹೆಸರು ಮರೆಸಿಕೊಂಡು ಸೇರಿದ ನಕುಲನ ಹೆಸರಿನಲ್ಲಿಯೂ ಒಂದು ಅಶ್ವಚಿಕಿತ್ಸೆಯ ಗ್ರಂಥವಿದೆ. ಅದನ್ನೂ ಜಯದತ್ತನ ಅಶ್ವವೈದ್ಯಕವನ್ನೂ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿ 19ನೇ ಶತಮಾನದ ಕೊನೆಗೆ ಅಚ್ಚು ಹಾಕಿಸಿತು. ಕನ್ನಡವೂ ಹಿಂದೆ ಬಿದ್ದಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೇ ಶತಮಾನದಲ್ಲೇ ಗೋವೈದ್ಯ ಬರೆದಿದ್ದ. 1400ರ ಸುಮಾರಿಗೆ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕನ್ನಡಕ್ಕೆ ತಂದ. 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತ ಹಯಸಾರ ಸಮುಚ್ಚಯ ರಚಿಸಿದ. ಕುದುರೆಯ ಆಯುಸ್ಸು, ಸುಳಿ, ಬಣ್ಣ, ಹಲ್ಲು, ವಾತಪಿತ್ತಕಫ ಎಲ್ಲವೂ ಈ ಶಾಸ್ತ್ರದ ಹರವಿಗೆ ಬರುತ್ತವೆ. ಸುಳಿ ನೋಡಿ ಒಡೆಯನ ಅದೃಷ್ಟ ಹೇಳುವ ಭಾಗವನ್ನು ಇಂದಿನವರು ನಗುತ್ತಾ ಓದಬಹುದು. ಆದರೆ ಮೇವು, ನೀರು, ಋತುವಿನೊಂದಿಗೆ ರೋಗವನ್ನು ಜೋಡಿಸಿ ನೋಡುವ ಕಣ್ಣು ಅಲ್ಲೇ ಇದೆ.

ಶಾಸ್ತ್ರದ ಹೆಸರಿನಲ್ಲಿ ಅನಾಹುತಗಳೂ ಆಗುತ್ತಿದ್ದವು. ಪಂಚತಂತ್ರದ ಒಂದು ಕಥೆಯಲ್ಲಿ ಲಾಯಕ್ಕೆ ಬೆಂಕಿ ಬಿದ್ದು ಕುದುರೆಗಳು ಬೇಯುತ್ತವೆ. ಸುಟ್ಟ ಗಾಯಕ್ಕೆ ಮಂಗನ ಕೊಬ್ಬೇ ಮದ್ದೆಂದು ವೈದ್ಯರು ಶಾಲಿಹೋತ್ರನ ಹೆಸರು ಹೇಳುತ್ತಾರೆ. ಅರಮನೆಯ ಮಂಗಗಳ ಕಥೆ ಅಲ್ಲಿಗೆ ಮುಗಿಯಿತು. ಕಥೆಗಾರ ಯಾವ ವೈದ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಚುಚ್ಚಿದನೋ!

ಶಾಲಿಹೋತ್ರನ ಹೆಸರೇ ಬಾಯಿಂದ ಬಾಯಿಗೆ ಸವೆದು ಸಲೋತ್ರಿಯಾಯಿತು. ಕುದುರೆ ವೈದ್ಯನಿಗೆ ಅದೇ ಕಸುಬಿನ ಹೆಸರಾಯಿತು. ವಿದ್ಯೆ ಪಾರಸಿಗೂ ದಾಟಿತು. ಪಾರಸಿಯಿಂದ ಅದನ್ನು ಇಂಗ್ಲಿಷಿಗೆ ತಂದ ಜೋಸೆಫ್ ಅರ್ಲ್ಸ್‌ನ ಪುಸ್ತಕ 1788ರಲ್ಲಿ ಕಲ್ಕತ್ತದಲ್ಲಿ ಹೊರಬಂತು. ಬ್ರಿಟಿಷ್ ಸೈನ್ಯದ ಕುದುರೆಪಡೆಗಳಲ್ಲೂ ಸಲೋತ್ರಿಗೆ ಕೆಲಸವಿತ್ತು. 1886ರಲ್ಲಿ ಮುಂಬಯಿಯಲ್ಲಿ ಪಶುವೈದ್ಯ ಕಾಲೇಜು ತೆರೆದ ಮೇಲೆ, ಪದವಿಯಿಲ್ಲದ ಈ ಮನುಷ್ಯ ಮೆಲ್ಲಗೆ ‘ನಾಟಿ’ ವೈದ್ಯನಾದ.

ಅವನ ಹತ್ಯಾರುಗಳು ಹಳ್ಳಿಯವರಿಗೆ ಹೊಸವೇನಲ್ಲ. ಓರೆಯಾಗಿ ಕತ್ತರಿಸಿದ ಬಿದಿರಿನ ಗೊಟ್ಟ. ತಲೆ ಎತ್ತಿ ಹಿಡಿದು, ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದಿಗೆ ಗೊಟ್ಟ ತೂರಿಸಿ, ಕಷಾಯವನ್ನು ಗುಟುಕು ಗುಟುಕಾಗಿ ಇಳಿಸಬೇಕು. ಅವಸರ ಮಾಡಿದರೆ ಮದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಕುಂಟುತ್ತಿದ್ದ ಕುದುರೆ ಸತ್ತೇಹೋಗುತ್ತದೆ. ಇನ್ನೊಂದು ಹತ್ಯಾರು ಬರೆಯ ಕಬ್ಬಿಣ. ಊದಿದ ಸ್ನಾಯುರಜ್ಜುವಿನ ಮೇಲೆ ಕಾದ ಕಬ್ಬಿಣ ಎಳೆದರೆ ಕಾಲು ಗಟ್ಟಿಯಾಗುತ್ತದೆಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಅರಬರಲ್ಲೂ ಯುರೋಪಿನ ಪದವೀಧರ ವೈದ್ಯರಲ್ಲೂ ಇತ್ತು.

ತಮಾಷೆಯೆಂದರೆ, ಸಲೋತ್ರಿಯನ್ನು ಮೂಲೆಗೆ ತಳ್ಳಿದವರು ಅವನ ಕಬ್ಬಿಣವನ್ನು ಮಾತ್ರ ಬಿಡಲಿಲ್ಲ. ರೇಸಿನ ಕುದುರೆಗಳಿಗೆ ಇಂಗ್ಲೆಂಡಿನಲ್ಲೇ ದಶಕಗಟ್ಟಲೆ ಬರೆ ಎಳೆದರು. ಬರೆ ಹಾಕಿದ ಕುದುರೆಯನ್ನು ತಿಂಗಳುಗಟ್ಟಲೆ ಓಡಿಸುತ್ತಿರಲಿಲ್ಲ. ಗುಣ ಮಾಡುತ್ತಿದ್ದದ್ದು ಆ ವಿಶ್ರಾಂತಿ. 1983ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಬರೆಯಿಂದ ಸ್ನಾಯುರಜ್ಜುವಿಗೆ ಪ್ರಯೋಜನವಿಲ್ಲವೆಂದು ತೋರಿಸಿದರು. 1991ರಲ್ಲಿ ಅಲ್ಲಿನ ಪಶುವೈದ್ಯರ ರಾಯಲ್ ಕಾಲೇಜು ಈ ಪದ್ಧತಿಯನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸಾರಿತು. ಇತ್ತ ಉರಿಯುವ ಗೊರಸನ್ನು ಹರಿಯುವ ನೀರಿನಲ್ಲಿ ನಿಲ್ಲಿಸುವ ಹಳೆಯ ಲಾಯದವರ ಉಪಾಯಕ್ಕೆ ಅದೃಷ್ಟ ಒಲಿಯಿತು. 2004ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಕಾಲನ್ನು ಮಂಜುಗಡ್ಡೆಯಲ್ಲಿಟ್ಟರೆ ಲ್ಯಾಮಿನೈಟಿಸ್‌ನ ಹಾನಿ ತಗ್ಗುತ್ತದೆಂದು ಕಂಡುಕೊಂಡರು.

ಬರೆಯ ಗೆರೆಗಳು ಸುಲಭಕ್ಕೆ ಮಾಯುವುದಿಲ್ಲ. ಮುಂಗಾಲಿನ ಹಿಂಬದಿಯಲ್ಲಿ, ಮೊಣಕಾಲಿನಿಂದ ಕೆಳಕ್ಕೆ, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಉಳಿದುಬಿಡುತ್ತವೆ. ಕುದುರೆ ಕೊಳ್ಳಲು ಬಂದ ಅನುಭವಸ್ಥ, ಸುಳಿ ನೋಡುವ ಮೊದಲು ಬಗ್ಗಿ ಅಲ್ಲಿ ಕೈಯಾಡಿಸುತ್ತಾನೆ.