ಒಂದು ಫೈನಲ್, ನಾಲ್ಕು ವಯಸ್ಸು

2025ರ ಏಪ್ರಿಲ್ 12ರ ರಾತ್ರಿ ನಾನು ಊರಲ್ಲಿದ್ದೆ. ಚಾಮರಾಜನಗರದ ಪಕ್ಕದ ಹರದನಹಳ್ಳಿ ನಮ್ಮೂರು. ಟಿವಿಯಲ್ಲಿ ಐಎಸ್‌ಎಲ್ ಫುಟ್‌ಬಾಲ್ ಫೈನಲ್. ಮೊದಲು ಮುಂದಿದ್ದದ್ದು ಬೆಂಗಳೂರು ಎಫ್‌ಸಿ. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ 2-1ರಿಂದ ಗೆದ್ದಿತು.

ಅಕ್ಕನ ಮಗನಿಗೆ ಹದಿನೈದು. 'ಟೀಮನ್ನೇ ಬದಲಾಯಿಸ್ಬೇಕು ಮಾವ' ಅಂತ ರೇಗಿದ. ಅರವತ್ತು ದಾಟಿದ ಅಪ್ಪ, 'ಫೈನಲ್‌ಗೆ ಹೋಗಿದ್ದೇ ಹೆಚ್ಚು, ಬಿಡಪ್ಪ' ಅಂದ್ರು. ತಾತ ಮಾತ್ರ, 'ಬಂಗಾಳದವ್ರಿಗೆ ಸೋತ್ರಾ? ನಾವು ಅವ್ರನ್ನ ಸೋಲಿಸ್ತಿದ್ದೋರು ಕನ ಕೂಸು' ಅಂದ್ರು.

ನಾನು ಓದಿದ್ದು ಇಂಜಿನಿಯರಿಂಗ್. ಅಳತೆ ಮಾಡೋ ಮುಂಚೆ ಉಪಕರಣದ ಸೊನ್ನೆ ಎಲ್ಲಿದೆ ನೋಡು ಅಂತ ಕಲಿಸ್ತಾರೆ. ಅಭಿಮಾನಿಯ ಸೊನ್ನೆ ಅವನು ಹುಟ್ಟಿದ ವರ್ಷದಲ್ಲಿರುತ್ತೆ.

ತಾತ 1960ರ ದಶಕದಲ್ಲಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದವರು. ಆಗ ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1967-68 ಮತ್ತು 1968-69ರಲ್ಲಿ ಸತತ ಎರಡು ಸಲ ಗೆದ್ದಿತ್ತು. ಎರಡೂ ಫೈನಲ್‌ನಲ್ಲಿ ಎದುರಾಳಿ ಬಂಗಾಳವೇ. ಅದಕ್ಕೂ ಹಿಂದೆ 1946-47, 1952-53ರಲ್ಲೂ ಕಪ್ ನಮ್ಮದೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರು. ಇದನ್ನೆಲ್ಲ ಕೇಳುತ್ತಾ, ನೋಡುತ್ತಾ ಬೆಳೆದವರಿಗೆ ಗೆಲುವು ಅಂದ್ರೆ ಮಾಮೂಲಿ.

ಅಪ್ಪ ಅಕ್ಷರ ಕಲಿಯೋ ಹೊತ್ತಿಗೆ ಆ ಕಾಲ ಮುಗಿದಿತ್ತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು, ಆ ಹೆಸರಿಗೆ ಕಪ್ ಬರಲಿಲ್ಲ. 1983ರ ವಿಶ್ವಕಪ್ ಆದಮೇಲಂತೂ ಮನೆಮನೆಯಲ್ಲೂ ಕ್ರಿಕೆಟ್. ನನ್ನ ತಲೆಮಾರು ನಡುರಾತ್ರಿ ಎದ್ದು ಇಂಗ್ಲೆಂಡ್, ಸ್ಪೇನ್ ಕ್ಲಬ್‌ಗಳನ್ನು ನೋಡಿತು. ನಮ್ಮ ರಾಜ್ಯದ ತಂಡದಿಂದ ಏನನ್ನೂ ಕೇಳಲಿಲ್ಲ.

ಅಳಿಯನ ಲೆಕ್ಕವೇ ಬೇರೆ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. ಅವನಿಗೆ ಫೈನಲ್ ಸೋಲು ಅಂದ್ರೆ ಮೋಸ ಹೋದ ಹಾಗೆ.

ಈಗ ನನ್ನ ತಪ್ಪು ಹೇಳಿಬಿಡ್ತೀನಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ! ಆ ರಾತ್ರಿ ಬುಲೆಟಿನ್ ಓದಿದ್ದು ನಾನೇ. ಹವಾಮಾನಕ್ಕೆ ಮುಂಚೆ ಒಂದೇ ಸಾಲು ಓದಿ ಮುಗಿಸಿದೆ. ಯಾಕೆ ಅಷ್ಟೇ ಅಂತ ಕೇಳಲು ಒಬ್ಬ ವೀಕ್ಷಕರ ಫೋನೂ ಬರಲಿಲ್ಲ.

ಆರ್‌ಸಿಬಿಗೆ ಹದಿನೆಂಟು ಸೀಸನ್ ಕಾದಾಗ ನಾವು ಪ್ರತಿವರ್ಷ ಎಣಿಸಿದೆವು. ಫುಟ್‌ಬಾಲ್‌ನ ಐವತ್ತನಾಲ್ಕು ವರ್ಷವನ್ನು ಯಾರೂ ಎಣಿಸಲಿಲ್ಲ, ಯಾಕಂದ್ರೆ ಕಾಯುವವರೇ ಇರಲಿಲ್ಲ. ಜನ ಕೇಳದಿದ್ದರೆ ಸರ್ಕಾರ ಮೈದಾನ ಕೊಡಲ್ಲ, ನಮ್ಮಂಥ ಚಾನೆಲ್‌ಗಳು ಸಮಯ ಕೊಡಲ್ಲ.

ಹಾಗಾಗಿ ಅಳಿಯನ ಸಿಟ್ಟನ್ನು ನಾನು ತಣಿಸಲು ಹೋಗಲಿಲ್ಲ. ತಾತನ ಪಕ್ಕ ಕೂರಿಸಿ, '68ರ ಕಥೆ ಕೇಳು' ಅಂದೆ. ಇಬ್ಬರೂ ಮಲಗಿದಾಗ ಒಂದು ಗಂಟೆ ದಾಟಿತ್ತು.