ಗಜ ಸಿಕ್ಕ ನಳಿಗೆ

ಮುಧೋಳವೆಂದೊಡನೆ ಓದಿದವರಿಗೆ ನೆನಪಾಗುವವನು ಕವಿ ರನ್ನ. ರನ್ನನ ಹಿಂದೆಯೇ ಭೀಮನ ಗದೆ. ಆದರೆ ಆ ಸೀಮೆಯ ಇತಿಹಾಸಕ್ಕೆ ಸೇರಿದ ಇನ್ನೊಂದು ಆಯುಧವುಂಟು. ಅದು ಹಲಗಲಿಯ ಬೇಡರ ಬಂದೂಕು. 1857ರ ಕೊನೆಯಲ್ಲಿ ಅದನ್ನು ಒಪ್ಪಿಸುವುದಿಲ್ಲವೆಂದು ಹೇಳಿದ್ದಕ್ಕಾಗಿ ಒಂದು ಊರೇ ಸುಟ್ಟು ಹೋಯಿತು. ಈ ಕಥೆಯನ್ನು ವೀರರ ಕಥೆಯಾಗಿ ನಾವು ಬಹಳ ಸಲ ಕೇಳಿದ್ದೇವೆ. ಬಂದೂಕಿನ ಕಡೆಯಿಂದಲೂ ಒಮ್ಮೆ ಕೇಳಿದರೆ ತಪ್ಪೇನು?

ಆ ಕಾಲದ ಬಂದೂಕು ಇಂದಿನದರಂತೆ ಹಿಂದಿನಿಂದ ತೆರೆಯುವುದಲ್ಲ. ನಳಿಗೆಯ ಹಿಂಭಾಗ ಮುಚ್ಚಿರುತ್ತದೆ. ಮದ್ದು, ಗುಂಡು, ಅದನ್ನು ಅದುಮಿ ಹಿಡಿಯುವ ಚಿಂದಿ ಎಲ್ಲವೂ ಬಾಯಿಯಿಂದಲೇ ಒಳಗೆ ಹೋಗಬೇಕು. ಅವನ್ನು ತಳಕ್ಕೆ ಮುಟ್ಟಿಸಲು ಬೇಕಾದ ಉದ್ದನೆಯ ಕೋಲಿಗೆ ಗಜ ಎಂದು ಹೆಸರು. ತುಂಬುವುದಕ್ಕೂ ಅದೇ, ತುದಿಗೆ ಬಟ್ಟೆ ಸುತ್ತಿ ನಳಿಗೆ ಒರೆಸುವುದಕ್ಕೂ ಅದೇ. ಹಿಂದಿನ ಒಂದು ಸಣ್ಣ ತೂತಿನ ಬಳಿ ರಂಜಕದ ಮದ್ದು ಹಾಕಿ ಕಿಡಿ ಮುಟ್ಟಿಸಿದರೆ ಗುಂಡು ಹಾರುತ್ತದೆ.

ಕರಿಮದ್ದಿಗೆ ಒಂದು ಕೆಟ್ಟ ಗುಣವಿದೆ. ಪೆಟ್ಲುಪ್ಪು, ಇದ್ದಲು, ಗಂಧಕ ಕೂಡಿದ ಆ ಮದ್ದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ನಳಿಗೆಯ ಒಳಗೋಡೆಗೆ ಕಿಟ್ಟ ಕಟ್ಟುತ್ತದೆ. ತೇವ ಹೀರಿ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಅಂಥ ನಳಿಗೆಯಲ್ಲಿ ಚಿಂದಿ ತುಸು ದಪ್ಪವಾದರೂ ಸಾಕು, ಗಜ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಬಂದೂಕು ಬಂದೂಕಲ್ಲ, ಬರಿಯ ಕಬ್ಬಿಣದ ಕೊಳವೆ.

ಸಿಕ್ಕಿದ ಗಜವನ್ನು ತೆಗೆಯುವುದು ಬಲಕ್ಕಿಂತ ತಾಳ್ಮೆಯ ಕೆಲಸ. ಮೊದಲನೆಯ ನಿಯಮ, ಒಳಗೆ ಮದ್ದಿದೆ ಎಂದೇ ತಿಳಿಯಬೇಕು. ಬಾಯಿಯ ಎದುರಿಗೆ ಮುಖ ತರಬಾರದು, ಬೆಂಕಿ ಹತ್ತಿರವಿರಬಾರದು. ಹಿಂದಿನ ತೂತಿನಿಂದ ನೀರು ಬಿಟ್ಟು ಮದ್ದನ್ನು ಕೆಡಿಸಬೇಕು. ಕಿಟ್ಟ ಎಣ್ಣೆಗಿಂತ ನೀರಿಗೆ ಬೇಗ ಕರಗುತ್ತದೆ. ಆದರೆ ಕಟ್ಟಿಗೆಯ ಗಜ ನೀರು ಕುಡಿದು ಉಬ್ಬಿದರೆ ಇನ್ನೂ ಬಿಗಿಯುತ್ತದೆ. ಮದ್ದಿಲ್ಲವೆಂದು ಖಾತ್ರಿಯಾದಲ್ಲಿ ಅದಕ್ಕೆ ಎಣ್ಣೆಯೇ ಲೇಸು. ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಗಜದ ತುದಿಯನ್ನು ಇಕ್ಕಳದಲ್ಲಿ ಭದ್ರವಾಗಿ ಹಿಡಿದು ತಿರುವುತ್ತ, ನೇರವಾಗಿ ಎಳೆಯಬೇಕು. ಸುತ್ತಿಗೆಯಿಂದ ಬಡಿದರೆ ಗಜ ಸೀಳುತ್ತದೆ. ಮದ್ದು ಹಾಕಿ ಹಾರಿಸಿ ತೆಗೆಯಹೋದರೆ ನಳಿಗೆಯೇ ಒಡೆದು ಹಿಡಿದವನ ಕೈ ಹೋದೀತು. ಏನೂ ಸಾಗದಿದ್ದರೆ ಕಂಬಾರನ ಮನೆಯೇ ಗತಿ.

ಇಷ್ಟು ಸಣ್ಣ ತೊಂದರೆಗೂ ದೊಡ್ಡ ಇತಿಹಾಸಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಕಂಪನಿಯ ಸಿಪಾಯಿಗಳ ಹಳೆಯ ಬಂದೂಕಿನಲ್ಲಿ ಗುಂಡು ನಳಿಗೆಗಿಂತ ಸಾಕಷ್ಟು ಸಣ್ಣದು. ಕಿಟ್ಟ ಕಟ್ಟಿದರೂ ಒಳಗಿಳಿಯುತ್ತಿತ್ತು, ಆದರೆ ಗುರಿ ಸಡಿಲು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ತಿರುಚು ಗೆರೆಗಳಿದ್ದವು. ಗುಂಡು ಬಿಗಿಯಾಗಿ ಕೂರಬೇಕು, ಆಗಲೇ ದೂರದ ಗುರಿ. ಆದರೆ ಅದೂ ಬಾಯಿಂದಲೇ ತುಂಬುವ ಬಂದೂಕು. ಕಿಟ್ಟ ಕಟ್ಟಿದ ನಳಿಗೆಯಲ್ಲಿ ಬಿಗಿಯಾದ ಗುಂಡು ಸಿಕ್ಕಿಕೊಳ್ಳದೆ ಗಜದೊಡನೆ ಸಲೀಸಾಗಿ ಇಳಿಯಲೆಂದೂ ಕಿಟ್ಟ ಮೆದುವಾಗಲೆಂದೂ ಕಾಗದದ ಕಾಡತೂಸಿನ ತುದಿಗೆ ಕೊಬ್ಬು ಹಚ್ಚಿದರು. ಆ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಕೊಬ್ಬು ಯಾವ ಪ್ರಾಣಿಯದು? 1857ರ ಜನವರಿಯಲ್ಲಿ ದಮ್‌ದಮ್‌ನಲ್ಲಿ ಎದ್ದ ಆ ಪ್ರಶ್ನೆ ಮೇ 10ರಂದು ಮೀರತ್ತಿನಲ್ಲಿ ಬೆಂಕಿಯಾಯಿತು. ದಂಗೆಗೆ ರಾಜ್ಯ, ಭೂಮಿ, ಧರ್ಮಗಳ ಕಾರಣಗಳು ಆಗಲೇ ಕೂಡಿದ್ದವು, ನಿಜ. ಆದರೆ ಕಿಡಿ ಬಿದ್ದದ್ದು ಗಜ ಇಳಿಯಲಾರದ ನಳಿಗೆಯ ತೊಂದರೆಗೆ ಕಂಡುಕೊಂಡ ಉಪಾಯದಿಂದ.

ಉತ್ತರದ ದಂಗೆಗೆ ಹೆದರಿದ ಸರಕಾರ ಅದೇ ವರ್ಷ ನಿಃಶಸ್ತ್ರೀಕರಣದ ಕಾನೂನು ತಂದಿತು. ಪರವಾನಗಿಯಿಲ್ಲದವರು ಆಯುಧ ಒಪ್ಪಿಸಬೇಕು. ಆ ಆಜ್ಞೆ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೂ ಬಂದು, ಹಲಗಲಿಯ ಬೇಡರ ಬಾಗಿಲು ತಟ್ಟಿತು. ಇವರು ಕಂಪನಿಯ ಸಿಪಾಯಿಗಳಲ್ಲ, ಕೊಬ್ಬಿನ ಕಾಡತೂಸು ಕಚ್ಚಬೇಕಾಗಿ ಬಂದವರೂ ಅಲ್ಲ. ಬೇಟೆಯೂ ಕಾವಲೂ ಪಾಳೆಯಗಾರರ ದಂಡಿನ ಚಾಕರಿಯೂ ತಲೆತಲಾಂತರದಿಂದ ಅವರ ಬದುಕು. ಆಜ್ಞೆ ಬರೆದವರಿಗೆ ಬಂದೂಕು ಎಣಿಸಿ ಉಗ್ರಾಣದಲ್ಲಿಡುವ ವಸ್ತು. ಬೇಡನಿಗೆ ಅದು ಒಕ್ಕಲಿಗನ ನೇಗಿಲಿನಂತೆ, ದಿನವೂ ಒರೆಸಿ, ಎಣ್ಣೆ ಹಚ್ಚಿ, ಗಜ ಆಡಿಸಿ ಕಾಪಾಡಿಕೊಂಡ ಮನೆಯ ಆಸ್ತಿ. ಅದನ್ನು ಕೊಟ್ಟ ಮೇಲೆ ಉಳಿಯುವುದೇನು?

ಹನುಮ, ಬಾಲ, ಜಡಗ, ರಾಮ ಮುಂದಾಳುಗಳಾಗಿ ನಿಂತರು, ಊರು ಒಪ್ಪಲಿಲ್ಲ. ನವಂಬರ ಕೊನೆಗೆ ಮಾಲ್ಕಮ್ ಎಂಬ ಅಧಿಕಾರಿ ಕುದುರೆ ದಂಡು ತಂದ. ಬಾಯಿಂದ ತುಂಬುವ ಬಂದೂಕಿನಿಂದ ನುರಿತ ಸಿಪಾಯಿಯೂ ನಿಮಿಷಕ್ಕೆ ಹಾರಿಸಬಲ್ಲುದು ಎರಡು ಮೂರು ಗುಂಡು. ಕಿಟ್ಟ ಕಟ್ಟಿದಂತೆಲ್ಲ ಅದೂ ಕಡಿಮೆ. ಗೋಡೆಯ ಮರೆಯಿದ್ದಾಗ ಸರಿ, ಮರೆಗೇ ಬೆಂಕಿ ಬಿದ್ದರೆ ಗಜ ಆಡಿಸಲು ಹೊತ್ತೆಲ್ಲಿಯದು? ಊರಿಗೆ ಬೆಂಕಿಯಿಟ್ಟರು. ಸುಮಾರು ನೂರು ಜನ ಸತ್ತರು. ಸೆರೆಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ 11ರಂದು ಮುಧೋಳದಲ್ಲಿಯೂ 6 ಜನರನ್ನು 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಮುಂದಿನ ಮೇ ತಿಂಗಳಲ್ಲಿ ಮುಂಡರಗಿ, ನರಗುಂದಗಳು ಸಿಡಿದೆದ್ದುದಕ್ಕೂ ಇದೇ ನಿಃಶಸ್ತ್ರೀಕರಣ ಒಂದು ಕಾರಣ.

ಇದೇ ಕಾನೂನಿನಿಂದ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಅಲ್ಲಿ ಕೋವಿ ಇಂದಿಗೂ ಹುಟ್ಟಿಗೆ, ಹಬ್ಬಕ್ಕೆ, ಸಾವಿಗೆ ಸಾಕ್ಷಿ. ಬಂದೂಕಿಲ್ಲದ ಹಲಗಲಿಗೆ ಉಳಿದದ್ದು ಲಾವಣಿ. ಆಂಗ್ಲ ಸರಕಾರದ ಅಧಿಕಾರಿಯೇ ಆಗಿದ್ದ ಫ್ಲೀಟ್ ಸಾಹೇಬ ಅದನ್ನು ಬರೆದಿಟ್ಟುಕೊಂಡು 1880ರ ದಶಕದಲ್ಲಿ ಅಚ್ಚು ಹಾಕಿಸಿದ. ದಂಡಿನವರು ದೋಚಿದ ಅಡಿಗೆಮನೆಯ ಸಾಮಾನಿನವರೆಗೂ ಆ ಹಾಡು ಲೆಕ್ಕ ಕೊಡುತ್ತದೆ.

ಸಿಕ್ಕಿದ ಗಜವನ್ನು ಬಡಿದು ತೆಗೆಯಹೋದವನು ನಳಿಗೆ ಕೆಡಿಸುತ್ತಾನೆ. ಒಳಗೆ ಮದ್ದಿದೆಯೇ ಎಂದು ನೋಡದೆ ಎಳೆದವನು ತಾನೂ ಕೆಡುತ್ತಾನೆ. ಬಂದೂಕು ಹಿಡಿದವನಿಗೆ ಗೊತ್ತಿದ್ದ ಈ ಮಾತು ಬಂದೂಕು ಕಸಿಯಲು ಬಂದವರಿಗೆ ಗೊತ್ತಿರಲಿಲ್ಲ. ಹಲಗಲಿಯ ಹತ್ತೊಂಬತ್ತು ಗಲ್ಲುಗಳು ಆ ಅವಸರದ ಬೆಲೆ.