ಸೋತು ಮರಳಿದವರ ಇತಿಹಾಸ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೊಂಕಣಿ ಕ್ಯಾಥೊಲಿಕರಲ್ಲಿ ಬಹುಪಾಲು ಮನೆತನಗಳ ಮೂಲ ಘಟ್ಟದ ಕೆಳಗೆ. ಆ ಕರಾವಳಿ ಸಮುದಾಯದ ದೊಡ್ಡ ಗಾಯ 1784ರ ಸೆರೆ. ಮಂಗಳೂರಿನ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಅವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅವರ ಸಂಖ್ಯೆಯನ್ನು 30,000 ಎನ್ನುವವರೂ ಇದ್ದಾರೆ, 60,000 ಎನ್ನುವವರೂ ಇದ್ದಾರೆ. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಮಂದಿ ಸತ್ತರು. ಅನೇಕರಿಗೆ ಬಲವಂತದಿಂದ ಸುನ್ನತಿ ಮಾಡಿಸಿ ಮತಾಂತರಿಸಲಾಯಿತು. ಅದೇ ಟಿಪ್ಪು 1791ರಲ್ಲಿ, ಮರಾಠರ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳಿಸಿ ಕನ್ನಡದಲ್ಲಿ ಕಾಗದ ಬರೆಸಿದ; 1916ರಲ್ಲಿ ಮೈಸೂರಿನ ಪುರಾತತ್ವಜ್ಞ ಆರ್. ನರಸಿಂಹಾಚಾರ್ ಆ ಕಾಗದಗಳನ್ನು ಬೆಳಕಿಗೆ ತಂದರು. ಟಿಪ್ಪುವನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವವರಿಗೆ ಈ ಎರಡರಲ್ಲೊಂದು ಸದಾ ತೊಡಕು.

ನನ್ನ ಕುತೂಹಲ ಟಿಪ್ಪುವಿನ ಬಗ್ಗೆ ಅಲ್ಲ, 1799ರ ಮೇ ತಿಂಗಳಲ್ಲಿ ಅವನು ಮಡಿದ ಮೇಲೆ ಏನಾಯಿತೆಂಬುದರ ಬಗ್ಗೆ. ಬಲವಂತಕ್ಕೆ ತಲೆಬಾಗಿದ್ದವರು ಧರ್ಮಸಭೆಗೆ ಮರಳಿ ಬಂದರು. ಅವರನ್ನು ಒಳಗೆ ಕರೆದುಕೊಳ್ಳುವ ಕೆಲಸ ಬಿದ್ದದ್ದು, ಮೈಸೂರು ಸೀಮೆಯಲ್ಲಿ ‘ದೊಡ್ಡಸ್ವಾಮಿ’ ಎನಿಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೇಲೆ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಆತ ಈ ಜನರ ಮೇಲೆ ಕಿಡಿ ಕಾರಿದ್ದಾನೆ: ಇಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವನು ಒಬ್ಬನೂ ಇಲ್ಲವೆಂಬುದು ಅವನ ದೂರು. ಆದರೂ ಬಂದವರನ್ನು ಸೇರಿಸಿಕೊಂಡ. ಬೈಬಲಿನ ಪ್ರವಾದಿ ಯೋನನೂ ಇಂಥವನೇ. ನಿನೆವೆಯವರು ಮನಸ್ಸು ತಿರುಗಿಸಿ ನಾಶದಿಂದ ಉಳಿದುಕೊಂಡಾಗ ಅವನು ಸಿಟ್ಟಾಗಿ ಊರ ಹೊರಗೆ ಹೋಗಿ ಕುಳಿತ. ದೇವರ ಕರುಣೆ ಪ್ರವಾದಿಯ ಒಪ್ಪಿಗೆಗೆ ಕಾಯಲಿಲ್ಲ. ಬೈಬಲಿನ ದೇವರ ನಿಷ್ಠೆ ಜನರ ನಡತೆಯನ್ನು ಆಧಾರವಾಗಿ ಹಿಡಿದದ್ದಲ್ಲ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿ ಈ ಸೆರೆಯವರ ಮರುಸೇರ್ಪಡೆಗಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಬಲವಂತಕ್ಕೆ ಸಿಕ್ಕವರು ದಾರಿ ತಪ್ಪಿದವರಲ್ಲ, ಅವರಿಗೆ ಕ್ಷಮೆಯ ಮಾತೇ ಅನ್ಯಾಯ ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯದ ಮಾತೇ. ಆದರೆ ಕ್ರಿ.ಶ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಆಜ್ಞೆಗೆ ಹೆದರಿ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿದವರೂ ಬಲವಂತಕ್ಕೆ ಸಿಕ್ಕವರೇ. ಅಂಥವರನ್ನು ಸೇರಿಸಲೇಬಾರದೆಂದು ರೋಮಿನ ಪಾದ್ರಿ ನೊವಾಷಿಯನ್ ಪಟ್ಟು ಹಿಡಿದ. ಪ್ರಾಯಶ್ಚಿತ್ತ ಮಾಡಿಸಿ ಸೇರಿಸಬಹುದೆಂದು ಕಾರ್ತೇಜಿನ ಬಿಷಪ್ ಸಿಪ್ರಿಯಾನ್ ವಾದಿಸಿದ. ಧರ್ಮಸಭೆ ಒಪ್ಪಿದ್ದು ಸಿಪ್ರಿಯಾನನ ದಾರಿಯನ್ನು. ಭಯಕ್ಕೆ ಬಿದ್ದು ಮೂರು ಸಲ ಗುರುವನ್ನೇ ಅಲ್ಲಗಳೆದ ಪೇತ್ರನನ್ನು ಮೊದಲ ಮುಂದಾಳೆಂದು ನೆನೆಯುವ ಸಭೆ ಬೇರೆ ತೀರ್ಪು ಕೊಡುವುದು ಕಷ್ಟವಿತ್ತು.

ಹೀಗೆ ಸುಲಭವಾಗಿ ಕ್ಷಮಿಸಿದರೆ ಸತ್ತವರ ಬಲಿದಾನಕ್ಕೆ ಬೆಲೆ ಏನು ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಬೈಬಲ್ ಆ ಕ್ಷಮೆಯನ್ನು ಅಗ್ಗವಾಗಿ ಹೇಳಿಲ್ಲ. ಪರರ ಹಿಂದೆ ಹೋದ ಹೆಂಡತಿಯನ್ನು ಪ್ರವಾದಿ ಹೋಶೇಯ ಹಣ ತೆತ್ತು ಮರಳಿ ತರುತ್ತಾನೆ. ಇಸ್ರಾಯೇಲಿನ ಪ್ರವಾದಿಗಳು ಬಾಬಿಲೋನಿನ ಸೆರೆಯನ್ನು ಜನರ ಅವಿಧೇಯತೆಯ ಫಲವೆಂದೇ ಕಂಡರು. ದೇವರು ತನ್ನ ಒಡಂಬಡಿಕೆಯನ್ನು ಕೈಬಿಟ್ಟನೆಂದು ಮಾತ್ರ ಹೇಳಲಿಲ್ಲ. ಕರುಣೆ ತಪ್ಪನ್ನು ಅಳಿಸಿ ಹಾಕುವುದಿಲ್ಲ, ತಪ್ಪಿದವನನ್ನು ಕೈಬಿಡುವುದೂ ಇಲ್ಲ. ದುಬಾಯ್ ಬರೆದದ್ದಕ್ಕಿಂತ ಮಾಡಿದ್ದೇ ಅವನ ಧರ್ಮಗ್ರಂಥಕ್ಕೆ ಹತ್ತಿರ.

1963ರಲ್ಲಿ ಮೈಸೂರಿನಿಂದ ಬೇರೆಯಾಗಿ, ಮೊದಲು ಹೇಳಿದ ಊರುಗಳು ಸೇರಿದ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು. ಅದರ ಇಗರ್ಜಿಗಳ ಚರಿತ್ರೆ ಬರೆಯುವವರು ಕಟ್ಟಡ, ಪಾದ್ರಿಗಳ ಪಟ್ಟಿಗೆ ನಿಲ್ಲದೆ, ಘಟ್ಟ ಹತ್ತಿ ಬಂದ ಮನೆತನಗಳಲ್ಲಿ ಸೆರೆಯ ನೆನಪು ಎಲ್ಲೆಲ್ಲಿ ಉಳಿದಿದೆ ಎಂದು ಕೇಳಿ ಬರೆದಿಡಬೇಕು. ಗಟ್ಟಿಯಾಗಿ ನಿಂತವರ ಜೊತೆಗೆ ಸೋತು ಮರಳಿದವರ ಹೆಸರನ್ನೂ ಸೇರಿಸಲಿ.